ದನಕರುಗಳೊಡನೆ ಊರು ಬಿಡುವುದು

ಪಟ್ಟಣದಲ್ಲಿ ಮನೆ ಬದಲಾಯಿಸುವುದೆಂದರೆ ಒಂದು ಹಗಲಿನ ಕೆಲಸ. ಒಂದು ಲಾರಿ, ನಾಲ್ವರು ಆಳುಗಳು, ಗಾಜಿನ ಸಾಮಾನುಗಳ ಮೇಲೆ ಒಂದು ಕಣ್ಣು, ಇಷ್ಟಿದ್ದರೆ ಸಂಜೆಯ ಹೊತ್ತಿಗೆ ಹೊಸ ಮನೆಯಲ್ಲಿ ಹಾಲು ಉಕ್ಕಿಸಿ ಕುಳಿತುಕೊಳ್ಳಬಹುದು. ಆದರೆ ಇಪ್ಪತ್ತು ದನಗಳು, ನಾಲ್ಕು ಎಮ್ಮೆಗಳು, ಮೂವತ್ತು ಕುರಿಗಳಿರುವ ಒಕ್ಕಲು ಮನೆತನವೊಂದು ತಾನು ನಾಲ್ಕು ತಲೆಮಾರು ಬಾಳಿದ ಊರನ್ನು ಬಿಟ್ಟು, ಮಣ್ಣಿನ ಬಣ್ಣವೇ ಬೇರೆಯಾದ ಇನ್ನೊಂದು ಸೀಮೆಗೆ ಹೋಗಿ ನೆಲೆಸಬೇಕಾದರೆ ಎಷ್ಟು ಕಾಲ ಹಿಡಿದೀತು? ಜನ ಹೋಗಿ ಸೇರಲು ಒಂದು ವಾರ ಸಾಕು. ದನಗಳು ಹೋಗಿ ಸೇರಲು ಎರಡು ವಾರ ಸಾಕು. ಆದರೆ ಆ ದನಗಳಿಗೆ ಅಲ್ಲಿ ಮೇಯುವ ಹಕ್ಕು ಹುಟ್ಟಲು ಒಂದು ತಲೆಮಾರು ಸಾಲದೆ ಹೋಗಬಹುದು. ಈ ಹಕ್ಕಿನ ವಿಚಾರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇನೆ.

ನಾನು ಚಿತ್ತವಾಡ್ಗಿಯವನು. ಹೊಸಪೇಟೆಯ ಮೈಗೆ ಅಂಟಿಕೊಂಡೇ ಬೆಳೆದ, ಕಬ್ಬು ಬಾಳೆ ಭತ್ತಗಳ ನಡುವಿನ ಊರು ನಮ್ಮದು. ವಿಜಯನಗರದ ಅರಸರ ಕಾಲದ ಕಾಲುವೆಗಳ ನೀರು ಕುಡಿದ ನೆಲ. ಕೆಲವೇ ಮೈಲಿಗಳಾಚೆ ಮಲ್ಲಾಪುರದ ಬಳಿ ತುಂಗಭದ್ರೆಗೆ ಅಡ್ಡಲಾಗಿ ಅಣೆಕಟ್ಟು ನಿಂತಿದೆ. ಅದರ ಹಿನ್ನೀರಿನಡಿಯಲ್ಲಿ ಸುಮಾರು ೯೦ ಹಳ್ಳಿಗಳಿವೆ. ದೂರದೂರಿನಿಂದ ಬಂದವರು ಆ ನೀರನ್ನು ನೋಡಿ ಸಮುದ್ರದಂತಿದೆ ಎಂದು ಉದ್ಗರಿಸುತ್ತಾರೆ. ಅದು ಸಹಜ. ಆದರೆ ಆ ನೀರಿನ ಕೆಳಗೆ ಊರುಗಳಷ್ಟೇ ಅಲ್ಲ, ಊರುಗಳ ದನಗಳು ಮೇಯುತ್ತಿದ್ದ ಬಯಲುಗಳೂ ಇವೆ ಎಂಬುದು ಬಹು ಮಂದಿಗೆ ಹೊಳೆಯುವುದಿಲ್ಲ.

ದನಕರುಗಳೊಡನೆ ಊರು ಬಿಡುವುದು ನಮ್ಮ ಕಾಲದ ಹೊಸ ಸಂಕಟವೇನೂ ಅಲ್ಲ. ಭಾಗವತದ ದಶಮ ಸ್ಕಂಧವನ್ನು ಬಲ್ಲವರು ನೆನೆಯಬಹುದು: ಗೋಕುಲದಲ್ಲಿ ಒಂದರ ಮೇಲೊಂದು ಉತ್ಪಾತಗಳಾದಾಗ ಗೊಲ್ಲರ ಹಿರಿಯನಾದ ಉಪನಂದನು ಬೃಂದಾವನಕ್ಕೆ ಹೋಗೋಣವೆಂದು ಸೂಚಿಸುತ್ತಾನೆ. ಅವನು ಕೊಡುವ ಕಾರಣಗಳಲ್ಲಿ ಮುಖ್ಯವಾದುದು ಅಲ್ಲಿಯ ಹುಲ್ಲು. ವೃದ್ಧರನ್ನೂ ಮಕ್ಕಳನ್ನೂ ಹೆಂಗಸರನ್ನೂ ಸಾಮಾನುಗಳನ್ನೂ ಬಂಡಿಗಳಲ್ಲಿ ಏರಿಸಿ, ಹಸುಗಳನ್ನು ಮುಂದೆ ಬಿಟ್ಟುಕೊಂಡು ಅವರು ಹೊರಡುತ್ತಾರೆ. ಹರಿವಂಶದಲ್ಲಿ ಈ ಸಂಗತಿ ಇನ್ನೂ ನಿಷ್ಠುರವಾಗಿ ಬಂದಿದೆ. ಅಲ್ಲಿ ಕೃಷ್ಣನು ಬಲರಾಮನಿಗೆ, ಈ ಕಾಡಿನ ಹುಲ್ಲೂ ಕಟ್ಟಿಗೆಯೂ ನಮ್ಮವರಿಂದಲೇ ತೀರಿಹೋದುವೆಂದು ತಿಳಿಸುತ್ತಾನೆ. ಜನ ಕದಲದಿದ್ದಾಗ ಅವನ ಮೈಯಿಂದಲೇ ತೋಳಗಳು ಹುಟ್ಟಿ ಬಂದು ಅವರನ್ನು ಎಬ್ಬಿಸಬೇಕಾಗುತ್ತದೆ. ಮೇವು ತೀರಿದ ಮೇಲೂ ಮನುಷ್ಯ ಊರು ಬಿಡಲೊಲ್ಲ ಎಂಬುದನ್ನು ಆ ಪುರಾಣಕಾರ ಬಲ್ಲ. ಅವರು ಹೋಗಿ ಸೇರಿದ ಬೃಂದಾವನದ ಹುಲ್ಲಿಗೆ ಮೊದಲೇ ಹಕ್ಕುದಾರರು ಯಾರಾದರೂ ಇದ್ದರೆ ಎಂಬ ಪ್ರಶ್ನೆಯನ್ನು ಮಾತ್ರ ಪುರಾಣ ಎತ್ತುವುದಿಲ್ಲ. ನಮ್ಮ ಕಡೆ ಆ ಪ್ರಶ್ನೆ ಎದ್ದಿತು.

ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆ ೧೯೪೫ರ ಫೆಬ್ರವರಿ ೨೮ರಂದು ಶಂಕುಸ್ಥಾಪನೆಯಾಯಿತು. ಆಗ ನದಿಯ ಬಲದಂಡೆ ಮದರಾಸು ಆಧಿಪತ್ಯಕ್ಕೆ, ಎಡದಂಡೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಹೀಗಾಗಿ ಒಂದೇ ನೀರಿನಲ್ಲಿ ಮುಳುಗಲಿದ್ದ ಊರುಗಳಿಗೆ ಇಬ್ಬರು ಸರ್ಕಾರದವರು, ಎರಡು ಕಾನೂನು, ಎರಡು ಬಗೆಯ ಲೆಕ್ಕಪತ್ರ. ೧೯೫೩ರಲ್ಲಿ ನೀರು ನಿಂತಿತು. ಅದೇ ವರ್ಷ ಅಕ್ಟೋಬರ್ ೧ರಂದು ನಮ್ಮ ತಾಲ್ಲೂಕೂ ಸೇರಿದಂತೆ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಊರು ಕಳೆದುಕೊಂಡವರು ಐವತ್ತು ಸಾವಿರಕ್ಕೂ ಹೆಚ್ಚು ಮಂದಿ. ನೀರು ಹರಡಿಕೊಂಡ ಪ್ರದೇಶ ೩೭೮ ಚದರ ಕಿಲೋಮೀಟರು. ನಾರಾಯಣದೇವರಕೆರೆಯ ಜನ ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತರು. ಇಂದು ರಂಗಭೂಮಿಯ ಕಾರಣದಿಂದ ನಾಡಿಗೆಲ್ಲ ಪರಿಚಿತವಾದ ಮರಿಯಮ್ಮನಹಳ್ಳಿಯಲ್ಲಿ ನಿಂತು ಈ ಜನ ಎಲ್ಲಿಂದ ಬಂದರೆಂದು ಕೇಳಿದರೆ ಉತ್ತರ ನೀರಿನೊಳಗಿದೆ.

ಪರಿಹಾರ ಕೊಡಲಿಲ್ಲವೆ? ಕೊಟ್ಟರು. ನಮ್ಮ ದಂಡೆಯಲ್ಲಿ ೧೮೯೪ರ ಭೂಸ್ವಾಧೀನ ಕಾನೂನು ನಡೆಯುತ್ತಿತ್ತು. ಅದರಂತೆ ಹೊಲಕ್ಕೆ ಬೆಲೆ ಕಟ್ಟಬೇಕು, ಮನೆಗೆ ಕಟ್ಟಬೇಕು, ಗಿಡಮರಗಳಿಗೆ ಕಟ್ಟಬೇಕು. ಬಲವಂತವಾಗಿ ಕಿತ್ತುಕೊಂಡದ್ದಕ್ಕೆ ಆ ಬೆಲೆಯ ಮೇಲೆ ನೂರಕ್ಕೆ ಹದಿನೈದರಂತೆ ಹೆಚ್ಚಿಗೆ ಕೊಡಬೇಕು. ವಾಸಸ್ಥಳ ಬದಲಾಯಿಸುವ ಖರ್ಚಿಗೂ ಅದರಲ್ಲಿ ಎಡೆಯಿದ್ದಿತು. ಆ ಕಾನೂನನ್ನು ಬರೆದವರು ನಿರ್ದಯರೆಂದು ನಾನು ಹೇಳಲಾರೆ. ಆದರೆ ಅವರ ಕಣ್ಣಿಗೆ ಸ್ವತ್ತು ಎಂದರೆ ಪಟ್ಟಾ ಇದ್ದದ್ದು. ಊರ ಮುಂದಿನ ಗೋಮಾಳ, ಹೊಳೆದಂಡೆಯ ಹುಲ್ಲುಗಾವಲು, ಬೇಸಿಗೆಯಲ್ಲಿ ಎಮ್ಮೆಗಳು ಮೈಮುಳುಗಿಸಿ ಮಲಗುತ್ತಿದ್ದ ಮಡು, ಅಡವಿಗೆ ಹೋಗುವ ದನದ ದಾರಿ, ಇವು ಯಾರ ಪಟ್ಟಾಕ್ಕೂ ಸೇರಿರಲಿಲ್ಲ. ಸರ್ಕಾರದ ದಫ್ತರದಲ್ಲಿ ಅವಕ್ಕೆ ಪೋರಂಬೋಕು ಎಂದು ಹೆಸರು. ಸರ್ಕಾರ ತನ್ನ ನೆಲವನ್ನು ತಾನು ಮುಳುಗಿಸಿದರೆ ಯಾರಿಗೆ ಏಕೆ ಪರಿಹಾರ ಕೊಡಬೇಕು?

ನಾಲ್ಕು ಎಕರೆ ಹೊಲವಿದ್ದು ಇಪ್ಪತ್ತು ದನ ಸಾಕಿದ ಮನೆಯೊಂದನ್ನು ಊಹಿಸಿಕೊಳ್ಳಿ. ನಾಲ್ಕೆಕರೆಯ ಸೊಪ್ಪೆ ಇಪ್ಪತ್ತು ದನಗಳಿಗೆ ವರ್ಷವಿಡೀ ಸಾಲುವುದಿಲ್ಲ. ಉಳಿದದ್ದನ್ನು ಆ ದನಗಳು ಊರ ಹೊರಗೆ ತಿಂದು ಬರುತ್ತಿದ್ದವು. ಅಂದಮೇಲೆ ಆ ಮನೆಯ ನಿಜವಾದ ಆಸ್ತಿಯ ಹೆಚ್ಚಿನ ಪಾಲು ಅದರ ಪಟ್ಟಾದ ಹೊರಗೇ ಇದ್ದಿತು. ನಾಲ್ಕೆಕರೆಗೆ ಹಣ ಬಂತು, ಇಪ್ಪತ್ತು ದನಗಳೂ ಕೈಯಲ್ಲೇ ಉಳಿದವು. ಕಾಗದದ ಮೇಲೆ ಅವರು ಕಳೆದುಕೊಂಡದ್ದೇನೂ ಇಲ್ಲ. ಆದರೆ ಎರಡು ಬೇಸಿಗೆ ಕಳೆಯುವುದರೊಳಗೆ ಇಪ್ಪತ್ತು ದನಗಳು ಆರಾಗುವುದನ್ನು ಯಾರೂ ತಡೆಯುವಂತಿರಲಿಲ್ಲ.

ಇನ್ನು ಮನೆಯ ಮಾತು. ನಮ್ಮ ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳನ್ನು ನೋಡಿದವರಿಗೆ ಗೊತ್ತು, ತಲಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಅಂಕಣ. ಗೋದಲಿಗಳ ಸಾಲು ದಾಟಿ, ಎರಡು ಮೆಟ್ಟಿಲೇರಿದರೆ ಮನುಷ್ಯರ ಪಡಸಾಲೆ. ರಾತ್ರಿ ದನ ಎದ್ದು ನಿಂತ ಸದ್ದು, ಮೆಲುಕು ನಿಲ್ಲಿಸಿದ ಮೌನ, ಎರಡೂ ಯಜಮಾನನ ನಿದ್ದೆಗೆ ತಿಳಿಯುತ್ತಿದ್ದವು. ಹೊಸ ಊರಿನಲ್ಲಿ ಅಳೆದು ಕೊಡುವ ನಿವೇಶನಗಳು ಮನುಷ್ಯರಿಗೆ ಸಾಕಾಗುವಷ್ಟಿರಬಹುದು. ಬಣವೆಗೆ ಎಲ್ಲಿ ಜಾಗ? ತಿಪ್ಪೆಗೆ ಎಲ್ಲಿ ಜಾಗ? ಹಳೆಯ ಮನೆಯ ತೊಲೆ ಬಾಗಿಲುಗಳನ್ನು ಕಿತ್ತು ಬಂಡಿಯಲ್ಲಿ ಹೇರಿ ತಂದ ಹಿರಿಯರ ಮಾತುಗಳನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ತೊಲೆ ಬಂತು, ಗೋದಲಿ ಬರಲಿಲ್ಲ ಎಂಬುದು ಅವರ ಮಾತಿನ ಸಾರ.

ಹಿಂಡನ್ನು ಒಂದೆಡೆಯಿಂದ ಒಂದೆಡೆಗೆ ಒಯ್ಯುವ ಕ್ರಮವೇ ಒಂದು ವಿದ್ಯೆ. ಸುಗ್ಗಿ ಮುಗಿದು ಬಿಸಿಲು ಏರುವ ಮೊದಲು, ಮಾಘ ಫಾಲ್ಗುಣಗಳಲ್ಲಿ ಹೊರಡುವುದು ಮೇಲು. ಆಗ ಹೊಲಗಳು ತೆರವಾಗಿರುತ್ತವೆ, ದಾರಿಯ ಇಕ್ಕೆಲದಲ್ಲೂ ಕೂಳೆ ಸಿಗುತ್ತದೆ, ಹಳ್ಳಗಳಲ್ಲಿ ನೀರು ಇನ್ನೂ ಆರಿರುವುದಿಲ್ಲ. ತುಂಬು ಗಬ್ಬದ ಆಕಳುಗಳನ್ನು ಹೊರಡಿಸಬಾರದು, ಅವು ಈದ ಮೇಲೆ ಒಂದೆರಡು ತಿಂಗಳು ಕಾಯಬೇಕು. ಎಳಗರುಗಳು ಬಂಡಿಯಲ್ಲಿ ಬರಬೇಕು, ತಾಯಿ ಬಂಡಿಯ ಹಿಂದೆ ತಾನಾಗಿ ಬರುತ್ತದೆ. ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು ನಡೆಸಿದರೆ ಹಾಲೂ ಬತ್ತುತ್ತದೆ, ಗೊರಸೂ ಸವೆಯುತ್ತದೆ. ಮುಂದೆ ನಡೆಯಲು ಬೇಕಾದುದು ಬಲಿಷ್ಠ ಹೋರಿಯಲ್ಲ, ವಯಸ್ಸಾದ ಆಕಳು. ಹಿಂಡು ಅದನ್ನು ನೋಡಿ ಕಾಲಿಡುತ್ತದೆ. ಗೋವಿನ ಹಾಡಿನ ಗೊಲ್ಲನು ಒಂದೊಂದು ಹಸುವನ್ನೂ ಹೆಸರು ಹಿಡಿದು ಕರೆಯುತ್ತಾನಷ್ಟೆ. ಆ ಹೆಸರುಗಳಲ್ಲಿ ತುಂಗಭದ್ರೆಯೂ ಒಂದು ಎಂಬುದು ನಮ್ಮ ಸೀಮೆಯವರಿಗೆ ಸಲ್ಲುವ ಸಣ್ಣ ಹೆಮ್ಮೆ. ಅದು ಬರಿಯ ಕಾವ್ಯಾಲಂಕಾರವಲ್ಲ. ಹೊಸ ಊರಿನಲ್ಲಿ ನೆಲ ಹೊಸದು, ನೀರು ಹೊಸದು, ವಾಸನೆ ಹೊಸದು. ದನಕ್ಕೆ ಪರಿಚಿತವಾಗಿ ಉಳಿಯುವುದು ಜೊತೆಯ ದನಗಳು ಮತ್ತು ಕರೆಯುವ ದನಿ. ಆದುದರಿಂದ ಹಿಂಡನ್ನು ಒಡೆದು ಒಯ್ಯಬಾರದು, ದಿನವೂ ಕರೆಯುವವನೇ ಜೊತೆಯಲ್ಲಿ ಹೋಗಬೇಕು.

ಈಗ ಲಾರಿಗಳು ಬಂದಿವೆ. ೧೯೭೮ರ ಪ್ರಾಣಿ ಸಾಗಾಣಿಕೆ ನಿಯಮಗಳ ಪ್ರಕಾರ ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ಏರಿಸುವಂತಿಲ್ಲ, ಪಶುವೈದ್ಯರ ಪ್ರಮಾಣಪತ್ರವೂ ಬೇಕು. ಲಾರಿ ಬಂದದ್ದರಿಂದ ದಾರಿಯ ದಣಿವು ಕಡಿಮೆಯಾಯಿತು. ಆದರೆ ನಡೆದು ಹೋಗುವಾಗ ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತಿದ್ದ ಮೇವು ಈಗ ಒಂದೇ ರಾತ್ರಿಯಲ್ಲಿ ಬದಲಾಗುತ್ತದೆ.

ಇದು ಸಣ್ಣ ಸಂಗತಿಯಲ್ಲ. ದನ ತಿಂದದ್ದನ್ನು ದನ ತಾನೇ ಅರಗಿಸುವುದಿಲ್ಲ. ಅದರ ಮೊದಲ ಹೊಟ್ಟೆಯಲ್ಲಿ ನೆಲೆಸಿದ ಕೋಟ್ಯಂತರ ಸೂಕ್ಷ್ಮಜೀವಿಗಳು ಅರಗಿಸಿ ಕೊಡುತ್ತವೆ. ಜೋಳದ ಸೊಪ್ಪೆಗೆ ಪಳಗಿದ ಜೀವಿಗಳ ಬಳಗ ಬೇರೆ, ಹಸಿ ಹುಲ್ಲಿಗೆ ಪಳಗಿದ ಬಳಗ ಬೇರೆ. ಒಂದು ಹೋಗಿ ಇನ್ನೊಂದು ಬೆಳೆಯಲು ಎರಡು ಮೂರು ವಾರ ಬೇಕು. ಈ ನಡುವೆ ಹಸಿದ ದನವನ್ನು ಕಾಲುವೆ ಬದುವಿನ ಎಳೆಹುಲ್ಲಿಗೆ ಬಿಟ್ಟರೆ ಹೊಟ್ಟೆಯುಬ್ಬರದಿಂದ ಬೆಳಗಾಗುವುದರೊಳಗೆ ಸತ್ತು ಬಿದ್ದಿರಬಹುದು. ಅನುಭವಸ್ಥರು ಹಳೆಯ ಊರಿನ ಸೊಪ್ಪೆಯನ್ನು ಜೊತೆಯಲ್ಲೇ ಒಯ್ದು, ಹೊಸ ಮೇವಿನೊಡನೆ ಬೆರೆಸಿ, ದಿನೇ ದಿನೇ ಹಳೆಯದನ್ನು ಕಡಿಮೆ ಮಾಡುತ್ತ ಬರುತ್ತಾರೆ. ಮುನ್ನೂರು ಕಿಲೋಗ್ರಾಂ ತೂಗುವ ದನಕ್ಕೆ ದಿನಕ್ಕೆ ಏಳೆಂಟು ಕಿಲೋಗ್ರಾಂ ಒಣಮೇವು ಬೇಕು. ಇಪ್ಪತ್ತು ದನಗಳಿಗೆ ಮೂರು ವಾರಕ್ಕೆ ಮೂರು ಟನ್ನು. ಎಷ್ಟು ಒತ್ತಿ ಹೇರಿದರೂ ಒಂದು ಎತ್ತಿನ ಬಂಡಿಗೆ ಸೊಪ್ಪೆ ಅರ್ಧ ಟನ್ನು ದಾಟುವುದು ಕಷ್ಟ. ಮನೆಯ ಸಾಮಾನಿಗೆ ಎರಡು ಬಂಡಿ ಸಾಕಾದರೆ ಮೇವಿಗೆ ಆರು ಬಂಡಿ ಬೇಕಾಗುವ ಲೆಕ್ಕ ಇದು. ವಾಸಸ್ಥಳ ಬದಲಾವಣೆಯ ಖರ್ಚು ಬರೆದುಕೊಳ್ಳುವ ಗುಮಾಸ್ತನಿಗೆ ಇದನ್ನು ವಿವರಿಸಿ ಒಪ್ಪಿಸುವುದು ಸುಲಭವಲ್ಲ.

ಒಣಸೀಮೆಯಿಂದ ನೀರಾವರಿ ಸೀಮೆಗೆ ಹೋಗುವವರು ಭಾಗ್ಯವಂತರೆಂದು ನಾವು ಭಾವಿಸುತ್ತೇವೆ. ಬೇಸಾಯಕ್ಕೆ ಅದು ನಿಜ, ದನಕ್ಕೆ ಅರ್ಧ ನಿಜ. ನಮ್ಮ ಚಿತ್ತವಾಡ್ಗಿಯಂಥ ಊರುಗಳಲ್ಲಿ ಹಸಿರು ಕಣ್ಣು ತುಂಬುತ್ತದೆ, ಆದರೆ ಅದರಲ್ಲಿ ದನ ಬಾಯಿ ಹಾಕಬಹುದಾದ ಹಸಿರು ಬಹಳ ಕಡಿಮೆ. ಎಲ್ಲ ಯಾರದೋ ಪೈರು. ದನ ಕಟ್ಟಿ ಮೇಯಿಸಬೇಕು. ಸಿಗುವುದು ನೆಲ್ಲುಹುಲ್ಲು. ಜೋಳದ ಸೊಪ್ಪೆಯ ಸತ್ತ್ವ ಅದಕ್ಕಿಲ್ಲ, ಅದರಲ್ಲಿರುವ ಆಮ್ಲವೊಂದು ಸುಣ್ಣದಂಶವನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲ. ಕಬ್ಬಿನ ಸೋಗೆಯ ಕಥೆಯೂ ಹೆಚ್ಚು ಕಡಿಮೆ ಹಾಗೆಯೇ. ಕುರಿಗಳ ಪಾಡು ಇನ್ನೂ ಕಷ್ಟ. ಕೆಂಪು ಮಸಬಿನ ಕಲ್ಲುನೆಲದಲ್ಲಿ ಹುಟ್ಟಿ ಬೆಳೆದ ಬಳ್ಳಾರಿ ಕುರಿ ಸದಾ ತೇವವಿರುವ ಗದ್ದೆಯಂಚಿನಲ್ಲಿ ನಿಂತರೆ ಗೊರಸಿನ ಸಂದು ಕೊಳೆಯುತ್ತದೆ. ಅಲ್ಲಿಯ ನೀರಿನ ಸಣ್ಣ ಬಸವನಹುಳುಗಳ ಮೂಲಕ ಹರಡುವ ಎಲೆಯಾಕಾರದ ಹುಳು ಪಿತ್ತನಾಳ ಸೇರಿ, ಗದ್ದದ ಕೆಳಗೆ ನೀರು ತುಂಬಿದ ಬಾವು ತೋರುವ ಹೊತ್ತಿಗೆ ಕುರಿ ಕೈ ಬಿಟ್ಟಂತೆಯೇ. ಹೀಗಾಗಿ ನೀರಾವರಿಗೆ ಬಂದು ನೆಲೆಸಿದ ಮನೆಗಳಲ್ಲಿ ಮೊದಲು ಕುರಿ ಹೋಗುತ್ತದೆ, ಆಮೇಲೆ ನಾಟಿ ಆಕಳು. ಎಮ್ಮೆ ಉಳಿಯುತ್ತದೆ. ಮನೆತನ ಅದೇ, ಕಸುಬು ಮಾತ್ರ ಬೇರೆಯಾಗಿರುತ್ತದೆ.

ರೋಗಗಳ ವಿಷಯದಲ್ಲಿ ಒಂದೇ ಮಾತು. ಗಳಲೆ, ಚಪ್ಪೆ, ಕಾಲುಬಾಯಿ ರೋಗಗಳ ಲಸಿಕೆಯನ್ನು ಹೊರಡುವ ಮೂರು ವಾರ ಮೊದಲೇ ಹಾಕಿಸಬೇಕು. ಹೊರಡುವ ದಿನ ಹಾಕಿಸಿದರೆ ದಾರಿಯಲ್ಲಿ ರಕ್ಷಣೆ ಇರುವುದಿಲ್ಲ. ೨೦೨೨ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ನಾಡಿನ ಹಲವೆಡೆ ಜಾನುವಾರು ಸಂತೆ ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಅಂಥ ವೇಳೆಯಲ್ಲಿ ಹೊಸ ಊರಿಗೆ ಹಿಂಡು ಹೊಡೆದುಕೊಂಡು ಬಂದವನನ್ನು ಅಲ್ಲಿಯ ಜನ ಎಂಥ ಕಣ್ಣಿನಿಂದ ನೋಡಿಯಾರೆಂದು ಹೇಳಬೇಕಾಗಿಲ್ಲ.

ಹಾಗಾದರೆ ದನಕುರಿಗಳೊಡನೆ ನೆಲೆ ಬದಲಿಸುವುದು ಸಾಧ್ಯವೇ ಇಲ್ಲವೆ? ನಮ್ಮ ನಾಡಿನಲ್ಲಿ ಅದನ್ನು ಶತಮಾನಗಳಿಂದ ಮಾಡಿಕೊಂಡು ಬಂದವರಿದ್ದಾರೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ಅರಮನೆಯ ಹಿಂಡುಗಳಿಗೆ ಮೈಸೂರು ಸೀಮೆಯಲ್ಲಿ ಕಾವಲುಗಳೆಂಬ ಹುಲ್ಲುಗಾವಲುಗಳನ್ನು ಕಾದಿರಿಸಿದ್ದರು. ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ. ಬೇಸಿಗೆಯ ಕಾವಲು ಕೆರೆಯಂಗಳದ ಬಳಿಯಲ್ಲೋ ನೆರಳಿರುವಲ್ಲೋ ಇರಬೇಕೆಂಬ ವಿವೇಕವೂ ಅದರಲ್ಲಿತ್ತು. ದನಗಳು ಸದಾ ಸಂಚಾರದಲ್ಲಿದ್ದರೂ ಅವು ಎಂದೂ ನಿರ್ಗತಿಕವಾಗಿರಲಿಲ್ಲ, ಏಕೆಂದರೆ ಹೋಗಿ ಮುಟ್ಟುವ ಹುಲ್ಲು ಅವುಗಳದೇ ಆಗಿತ್ತು.

ಅರಸರ ಬಲವಿಲ್ಲದ ಕುರುಬರು ಇದನ್ನೇ ಒಪ್ಪಂದದಿಂದ ಸಾಧಿಸಿದರು. ಮಳೆಗಾಲ ಕಳೆದ ಮೇಲೆ ಕೊಪ್ಪಳ, ಬಾಗಲಕೋಟೆ, ಬೆಳಗಾವಿಯ ಕಡೆಯಿಂದ ಸಂಸಾರ ಸಮೇತ ಹೊರಡುವ ಕುರಿಹಿಂಡುಗಳನ್ನು ನೀವು ರಸ್ತೆಗಳಲ್ಲಿ ನೋಡಿರಬಹುದು. ಕುದುರೆಯ ಮೇಲೆ ಬಲೆ, ಪಾತ್ರೆ, ಕೋಳಿ, ಕೆಲವೊಮ್ಮೆ ಕೂಸು. ಅವರು ಕೊಯ್ಲಾದ ಹೊಲಗಳಲ್ಲಿ ರಾತ್ರಿ ಕುರಿ ತರುಬುತ್ತಾರೆ. ಹಿಂಡಿನ ಗೊಬ್ಬರ ಹೊಲದವನಿಗೆ, ಹೊಲದ ಕೂಳೆ ಹಿಂಡಿಗೆ, ಮೇಲೆ ಇಷ್ಟು ಕಾಳೋ ಹಣವೋ ಕುರುಬನಿಗೆ. ಪಟ್ಟಾವಿಲ್ಲದೆಯೂ ಪರಸೀಮೆಯಲ್ಲಿ ಮೇಯುವ ಹಕ್ಕನ್ನು ಅವರು ಗೊಬ್ಬರದಿಂದ ಕೊಂಡುಕೊಂಡಿದ್ದಾರೆ. ಯಾವ ಹೊಲ, ಯಾರ ಬಾವಿ, ಯಾವ ಹಾದಿ ಎಂಬುದು ತಂದೆಯಿಂದ ಮಗನಿಗೆ ಬಂದ ಪರಿಚಯ. ಮುಳುಗಡೆಯ ಊರಿನ ಒಕ್ಕಲಿಗನಿಗೆ ಇಲ್ಲದೆ ಹೋದದ್ದು ಈ ಪರಿಚಯವೇ. ಅವನು ಹೋಗಿ ಸೇರಿದ ಊರಿನವರೂ ದುಷ್ಟರಲ್ಲ. ತಮ್ಮ ನೂರು ದನಗಳಿಗೇ ಸಾಲದ ಗೋಮಾಳಕ್ಕೆ ಇನ್ನೂರು ಹೊಸ ದನಗಳು ಬಂದು ನಿಂತರೆ ಅವರಾದರೂ ಏನು ಮಾಡಬೇಕು? ಕರ್ನಾಟಕದ ಭೂಕಂದಾಯ ನಿಯಮಗಳಲ್ಲಿ ನೂರು ದನಗಳಿಗೆ ಹನ್ನೆರಡು ಹೆಕ್ಟೇರು ಗೋಮಾಳವಿರಬೇಕೆಂಬ ಲೆಕ್ಕವಿದೆ. ಆ ಲೆಕ್ಕ ೧೯೬೬ರದು. ನಮ್ಮವರು ಹಿಂಡು ಹೊಡೆದುಕೊಂಡು ಬಂದಾಗ ಅದೂ ಇರಲಿಲ್ಲ.

ನಮ್ಮ ದೇಶದ ಕಾನೂನು ದನದತ್ತ ತಿರುಗಿ ನೋಡಿದ್ದು ೨೦೧೩ರಲ್ಲಿ. ಆ ವರ್ಷದ ಭೂಸ್ವಾಧೀನ ಮತ್ತು ಪುನರ್ವಸತಿ ಕಾನೂನಿನ ಅನುಸೂಚಿಗಳನ್ನು ನಾನು ಕುತೂಹಲದಿಂದ ಓದಿದೆ. ಸ್ಥಳಾಂತರದ ಸಾಗಾಣಿಕೆ ಭತ್ಯೆಯಲ್ಲಿ ಜಾನುವಾರುಗಳ ಹೆಸರಿದೆ. ದನವಿರುವ ಕುಟುಂಬಕ್ಕೆ ಕೊಟ್ಟಿಗೆ ಕಟ್ಟಲು ಕನಿಷ್ಠ ೨೫,೦೦೦ ರೂಪಾಯಿ ಕೊಡಬೇಕೆಂದಿದೆ. ಹೊಸ ಊರಿನಲ್ಲಿ ದನಗಳಿಗೆ ಕುಡಿಯುವ ನೀರು, ಹುಲ್ಲುಗಾವಲು ಇವುಗಳನ್ನು ಒದಗಿಸಬೇಕೆಂದೂ ಬರೆದಿದೆ. ತುಂಗಭದ್ರೆಯ ನೀರು ನಿಂತು ಅರವತ್ತು ವರ್ಷಗಳಾದ ಮೇಲೆ ಬಂದ ಸಾಲುಗಳು. ಅಷ್ಟರಲ್ಲಿ ಶರಾವತಿಯ ಲಿಂಗನಮಕ್ಕಿ ತುಂಬಿತ್ತು, ಕೃಷ್ಣೆಯ ಆಲಮಟ್ಟಿ ತುಂಬಿತ್ತು. ಇರಲಿ, ಬರೆದದ್ದು ಒಳ್ಳೆಯದೇ ಆಯಿತು. ಆದರೆ ಹುಲ್ಲುಗಾವಲನ್ನು ಅನುಸೂಚಿಯಲ್ಲಿ ಬರೆಯುವುದು ಸುಲಭ, ಎಲ್ಲ ನೆಲಕ್ಕೂ ಈಗಾಗಲೇ ಯಾರೋ ಒಬ್ಬರು ಒಡೆಯರಿರುವ ಸೀಮೆಯಲ್ಲಿ ಅದನ್ನು ಹುಡುಕಿ ತರುವುದು ಕಷ್ಟ.

ಮುಳುಗಿದ ಹುಲ್ಲುಗಾವಲುಗಳು ಪೂರ್ತಿ ಸತ್ತಿಲ್ಲ ಎಂಬುದೊಂದು ವಿಚಿತ್ರ. ಜಲಾಶಯ ಮೊದಲು ೧೩೩ ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಅದು ಸುಮಾರು ೧೦೫ಕ್ಕೆ ಇಳಿದಿದೆ. ನೀರಾವರಿ ಇಲಾಖೆಗೆ ದೊಡ್ಡ ತಲೆನೋವಾದ ಈ ಹೂಳೇ ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಸಿರು ಚಿಗುರುವ ನೆಲ. ಚೈತ್ರ ವೈಶಾಖಗಳಲ್ಲಿ ಸುತ್ತಣ ಸೀಮೆಯೆಲ್ಲ ಸುಟ್ಟ ರೊಟ್ಟಿಯಂತಿರುವಾಗ ಹಿನ್ನೀರಿನ ಅಂಗಳದಲ್ಲಿ ದನಕುರಿಗಳು ಮೇಯುವುದನ್ನು ಹಗರಿಬೊಮ್ಮನಹಳ್ಳಿಯ ಕಡೆ ಹೋದವರು ಕಾಣಬಹುದು. ಮೃಗಶಿರೆಯ ಮಳೆಯಾಗಿ ಮಲೆನಾಡಿನಿಂದ ನೀರು ಬರುತ್ತಲೇ ಆ ನೆಲ ಮತ್ತೆ ಮುಳುಗುತ್ತದೆ. ಅಲ್ಲಿ ಮೇಯಿಸುವವರಿಗೆ ಇಂದಿಗೂ ಪಟ್ಟಾವಿಲ್ಲ. ಅವರ ಅಜ್ಜಂದಿರಿಗೂ ಇರಲಿಲ್ಲ.

ಈಚೆಗೆ ಪಟ್ಟಣದ ಉದ್ಯೋಗ ಬಿಟ್ಟು ಹೈನುಗಾರಿಕೆಗೆಂದು ದೂರದ ಜಿಲ್ಲೆಯಲ್ಲಿ ಜಮೀನು ಕೊಳ್ಳುವವರೂ, ಇದ್ದ ಹೊಲ ಮಾರಿ ಹಿಂಡಿನೊಡನೆ ಬೇರೆ ಸೀಮೆಗೆ ಹೊರಡುವವರೂ ಹೆಚ್ಚುತ್ತಿದ್ದಾರೆ. ಕೆಲವರು ನನ್ನ ಬಳಿಗೂ ವಿಚಾರಿಸಲು ಬರುತ್ತಾರೆ. ಅವರ ಕೈಯಲ್ಲಿ ಪಹಣಿಯ ನಕಲು ಇರುತ್ತದೆ, ಮಳೆಗಾಲದಲ್ಲಿ ತೆಗೆದ ಹೊಲದ ಚಿತ್ರವಿರುತ್ತದೆ. ನಾನು ಹೇಳುವುದಿಷ್ಟೆ. ಶ್ರಾವಣದಲ್ಲಿ ಹೋಗಿ ನೋಡಬೇಡಿ, ವೈಶಾಖದಲ್ಲಿ ಹೋಗಿ. ಒಂದು ದನಕ್ಕೆ ಬೇಸಿಗೆಯಲ್ಲಿ ದಿನಕ್ಕೆ ನಲವತ್ತರಿಂದ ಅರವತ್ತು ಲೀಟರು ನೀರು ಬೇಕೆಂದು ಲೆಕ್ಕ ಹಾಕಿ. ಜಮೀನು ಮಾರುವವನ ಸಂಗಡ ಮಾತಾಡುವ ಮೊದಲು ಆ ಊರಿನ ದನಗಾಹಿಯ ಸಂಗಡ ಒಂದು ಹಗಲು ತಿರುಗಾಡಿ. ಅವನು ದನಗಳನ್ನು ಎಲ್ಲಿಯವರೆಗೆ ಹೊಡೆದುಕೊಂಡು ಹೋಗಿ ಎಲ್ಲಿಂದ ಹಿಂದಕ್ಕೆ ತಿರುಗಿಸುತ್ತಾನೋ ಆ ಗೆರೆಯನ್ನು ನೋಡಿಕೊಳ್ಳಿ. ಅದು ಯಾವ ನಕಾಶೆಯಲ್ಲಿಯೂ ಇರುವುದಿಲ್ಲ.